ಹಳೇ ಫ್ಯಾಕ್ಟರಿ ಜಾಗದಲ್ಲಿ ಮನೆ ಕಟ್ಟುವ ಮುಂಚೆ

“ಮಣ್ಣು ಪರೀಕ್ಷೆ ಆಗಿದೆ ಸಾರ್” ಎಂದು ಹಳೇ ಕಾರ್ಖಾನೆ ಜಾಗ ಕೊಂಡವರು ಒಂದು ರಿಪೋರ್ಟ್ ಮುಂದಿಡುತ್ತಾರೆ. ತೆರೆದು ನೋಡಿದರೆ, ಆ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕ. ಪಾಯ ಹಾಕಲು ಅದು ಬೇಕೇ ಬೇಕು. ಆದರೆ ಅಲ್ಲಿ ಸೀಸ ಇದೆಯಾ, ಕ್ರೋಮಿಯಂ ಇದೆಯಾ, ಎಣ್ಣೆ ಇಳಿದಿದೆಯಾ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಅದು ಆಗುವ ಹೊತ್ತಿಗೆ ಕಟ್ಟಡದ ನಕ್ಷೆ ಮುಗಿದು, ಬುಕಿಂಗ್ ಕೂಡ ಶುರುವಾಗಿರುತ್ತದೆ. ಈ ಹಿಂದುಮುಂದೇ ನನಗೆ ಜಾಸ್ತಿ ಚಿಂತೆಯ ವಿಷಯ.

ಇಂಥ ಜಾಗಗಳ ತಪಾಸಣೆ ನನ್ನ ವೃತ್ತಿ. ಒಂದು ಹಳೇ ಪ್ಲೇಟಿಂಗ್ ಶೆಡ್ ಎಂದುಕೊಳ್ಳಿ. ಲೋಹಕ್ಕೆ ಕ್ರೋಮ್ ಲೇಪಿಸುತ್ತಿದ್ದ ಜಾಗ. ಟ್ಯಾಂಕ್ ಇದ್ದ ಕಡೆ ಆಸಿಡ್ ತಿಂದು ಕಾಂಕ್ರೀಟ್ ಕರಗಿ ಜಲ್ಲಿ ಮೇಲೆದ್ದಿರುತ್ತದೆ. ಗೋಡೆಯ ಬುಡದಲ್ಲಿ ಹಳದಿ ಪುಡಿ ಕಟ್ಟಿರುತ್ತದೆ. ಆ ಹಳದಿ ಹೆಕ್ಸಾವೇಲೆಂಟ್ ಕ್ರೋಮಿಯಂ. ಕ್ಯಾನ್ಸರ್ ತರಬಲ್ಲದ್ದು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ನೀರು ಹೋದ ಕಡೆ ಹೋಗುತ್ತದೆ. ಹಾಗಾಗಿ ಮಾದರಿಯನ್ನು ಅಂಗಳದಲ್ಲಿ ಅಲ್ಲಿ ಇಲ್ಲಿ ಸುಮ್ನೆ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಟ್ಯಾಂಕ್ ಎಲ್ಲಿತ್ತು, ತೊಳೆದ ನೀರು ಯಾವ ಚರಂಡಿಯಲ್ಲಿ ಹೋಗುತ್ತಿತ್ತು, ಡ್ರಮ್ಮುಗಳನ್ನು ಯಾವ ಮೂಲೆಯಲ್ಲಿ ಇಡುತ್ತಿದ್ದರು ಎಂದು ತಿಳಿಯಬೇಕು. ಇದನ್ನು ನಕ್ಷೆಗಿಂತ ಚೆನ್ನಾಗಿ ಹೇಳುವವರು ಅಲ್ಲೇ ದುಡಿದ ಹಳೇ ಫಿಟ್ಟರ್, ವಾಚ್‌ಮನ್. ಅವರ ಜೊತೆ ಒಂದು ಸುತ್ತು ಹಾಕಿದ ಮೇಲೇ ಎಲ್ಲಿ ಕೊರೆಯಬೇಕು ಎಂದು ಗುರುತು ಹಾಕುತ್ತೇನೆ.

ಪೀಣ್ಯದ ಅಂತರ್ಜಲದಲ್ಲಿ ಇದೇ ಕ್ರೋಮಿಯಂ ಸಿಕ್ಕಿದೆ. ಬೆಂಗಳೂರು–ಚೆನ್ನೈ ದಾರಿಯ ರಾಣಿಪೇಟೆಯಲ್ಲಿ, 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದು ಒಂದೂವರೆ ಲಕ್ಷ ಟನ್ನಿಗೂ ಜಾಸ್ತಿ ತ್ಯಾಜ್ಯ ಬಿಟ್ಟುಹೋಯಿತು. ಮಳೆ ಬಂದಾಗಲೆಲ್ಲ ಅದರಿಂದ ಹಳದಿ ನೀರು ಹರಿಯಿತು.

ಹಾಗಾದರೆ ಇಂಥ ಜಾಗದಲ್ಲಿ ಏನೂ ಕಟ್ಟಲೇಬಾರದಾ? ಕಟ್ಟಬಹುದು. 2012ರ ಒಲಿಂಪಿಕ್ಸ್‌ಗೆ ಲಂಡನ್ ಆರಿಸಿದ್ದು ಪೂರ್ವ ಭಾಗದ ಇಂಥದೇ ನೆಲವನ್ನು. ಹಳೇ ಕಾರ್ಖಾನೆ, ಕಸದ ಗುಂಡಿಗಳಿದ್ದ ಜಾಗ. ಮಣ್ಣಿನಲ್ಲಿ ಟಾರು, ಎಣ್ಣೆ, ಸೀಸ, ಆರ್ಸೆನಿಕ್. ಮೊದಲು ಸಾವಿರಾರು ಕಡೆ ಕೊರೆದು ನೋಡಿದರು. ಆಮೇಲೆ ಸುಮಾರು 20 ಲಕ್ಷ ಟನ್ ಮಣ್ಣನ್ನು ಅಗೆದು ಶುದ್ಧಿ ಮಾಡಿದರು. ವಿಷ ಹೆಚ್ಚಾಗಿ ಅಂಟಿಕೊಳ್ಳುವುದು ನುಣ್ಣನೆ ಜೇಡಿಗೆ. ಮಣ್ಣನ್ನು ತೊಳೆದು ಮರಳು, ಕಲ್ಲು ಬೇರೆ ಮಾಡಿದರೆ ಹೊರಗೆ ಸಾಗಿಸಬೇಕಾದ ಭಾಗ ಸ್ವಲ್ಪವೇ ಉಳಿಯುತ್ತದೆ. ಹೆಚ್ಚಿನ ಮಣ್ಣು ಅಲ್ಲೇ ಮತ್ತೆ ಬಳಕೆಯಾಯಿತು. ಕೆಳಗಿನ ಹಳೇ ಮಣ್ಣಿಗೂ ಮೇಲೆ ಹರಡಿದ ಶುದ್ಧ ಮಣ್ಣಿಗೂ ನಡುವೆ ಕಿತ್ತಳೆ ಬಣ್ಣದ ಹಾಳೆ ಹಾಸಿದರು. ಮುಂದೆ ಪೈಪ್ ಹಾಕಲು ಅಗೆಯುವವನಿಗೆ ಅದು ಕಂಡರೆ ಸಾಕು, ಇದರ ಕೆಳಗೆ ಹುಷಾರು ಎಂದು ಗೊತ್ತಾಗುತ್ತದೆ. ನೆಲದಲ್ಲಿ ಏನು ಉಳಿದಿದೆ ಎಂದು ಮುಂದಿನವರಿಗೆ ತಿಳಿಸುವ ಆ ಕಾಳಜಿ ನನಗೆ ತುಂಬಾ ಇಷ್ಟ.

ಆದರೆ ಮೇಲೆ ಶುದ್ಧ ಮಣ್ಣು ಮುಚ್ಚಿ ಬಿಡುವ ಉಪಾಯವನ್ನು ನಮ್ಮಲ್ಲಿ ಹಾಗೇ ತಂದರೆ ಸಾಲದು. ನಾವು ಕಟ್ಟುವ ರೀತಿ ಬೇರೆ. ಪಾರ್ಕಿಂಗ್‌ಗೆ ಎರಡು ಮೂರು ಅಂತಸ್ತು ಬೇಸ್‌ಮೆಂಟ್ ಅಗೆಯುತ್ತೇವೆ. ಆ ಮಣ್ಣು ರಾತ್ರಿ ಟಿಪ್ಪರ್ ಹತ್ತಿ ಯಾವುದೋ ಕೆರೆ ಅಂಚಿಗೋ ಖಾಲಿ ಸೈಟಿಗೋ ಬಿದ್ದರೆ, ಒಂದು ಕಡೆ ಇದ್ದ ವಿಷ ಎರಡು ಕಡೆ ಆಯಿತು ಅಷ್ಟೆ. ಮಳೆನೀರು ಕೊಯ್ಲು ಕಡ್ಡಾಯ ಎಂದು ಇಂಗುಗುಂಡಿ ತೋಡುತ್ತೇವೆ. ಒಳ್ಳೆಯ ಕೆಲಸವೇ, ಅನುಮಾನವಿಲ್ಲ. ಆದರೆ ಕ್ರೋಮಿಯಂ ಇರುವ ಮಣ್ಣಿನಲ್ಲಿ ಆ ಗುಂಡಿ ವಿಷವನ್ನು ಕೆಳಕ್ಕೆ ತಳ್ಳುತ್ತದೆ. ಪಕ್ಕದಲ್ಲೇ ಬೋರ್‌ವೆಲ್ ಹಾಕಿ ಅದನ್ನು ಮೇಲಕ್ಕೆ ಎಳೆಯುತ್ತೇವೆ. ಮಣ್ಣಿನ ರಿಪೋರ್ಟ್ ಮೊದಲೇ ಕೈಯಲ್ಲಿದ್ದರೆ ಗುಂಡಿಯನ್ನು ಶುದ್ಧ ಭಾಗಕ್ಕೆ ಸರಿಸಬಹುದು, ಬೋರ್‌ವೆಲ್ ಬಿಟ್ಟು ಹೊರಗಿನ ನೀರು ನೆಚ್ಚಬಹುದು, ಫೆರಸ್ ಸಲ್ಫೇಟ್‌ನಂಥದ್ದನ್ನು ಬೆರೆಸಿ ಕ್ರೋಮಿಯಂ ಅನ್ನು ಅಷ್ಟಾಗಿ ಕರಗದ ರೂಪಕ್ಕೆ ತರಬಹುದು. ನಕ್ಷೆ ಮುಗಿದ ಮೇಲೆ ಇದೆಲ್ಲ ಕಷ್ಟ.

ಖರ್ಚು ಯಾರದು? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳಿಗೆಂದೇ ನಿಯಮ ತಂದಿದೆ. ಕೆಡಿಸಿದವರೇ ಶುದ್ಧಿಯ ಖರ್ಚು ಕೊಡಬೇಕು ಎನ್ನುವುದು ಅದರ ತಿರುಳು. ಬಹಳ ಹಿಂದೆಯೇ ಬರಬೇಕಿತ್ತು. ಆದರೆ ಗಣಿಗಾರಿಕೆಯ ಮಾಲಿನ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಕೆಜಿಎಫ್‌ನ ಸೈನೈಡ್ ಗುಡ್ಡಗಳ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳ) ದೂಳನ್ನು ಉಸಿರಾಡುತ್ತಿರುವ ಜನರಿಗೆ ಇದರಿಂದ ಏನು ಪ್ರಯೋಜನ ಹೇಳಿ?

ಫ್ಲಾಟ್ ಕೊಳ್ಳುವವರು ಮೊದಲು ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ಅಕ್ಕಪಕ್ಕದವರನ್ನು ವಿಚಾರಿಸಿ. ಕಾರ್ಖಾನೆ ಇತ್ತು ಅಂದರೆ ಬಿಲ್ಡರ್ ಹತ್ತಿರ ಮಣ್ಣಿನ ರಾಸಾಯನಿಕ ಪರೀಕ್ಷೆಯ ರಿಪೋರ್ಟ್ ಕೇಳಿ, ಎಷ್ಟು ಆಳದ ಮಾದರಿ ಎಂದು ನೋಡಿ. ಬೋರ್‌ವೆಲ್ ಇದ್ದರೆ ನೀರನ್ನೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನೀರು ತಿಳಿಯಾಗಿ ಕಂಡರೂ ಅದು ಮೀರಿರಬಹುದು. ಲ್ಯಾಬ್‌ನಲ್ಲಿ “ನೀರು ಟೆಸ್ಟ್ ಮಾಡಿ” ಎಂದಷ್ಟೇ ಹೇಳಿದರೆ ಗಡಸುತನ, ಟಿಡಿಎಸ್ ನೋಡಿ ಕಳಿಸುವುದೇ ಜಾಸ್ತಿ. ಕ್ರೋಮಿಯಂ, ಸೀಸ, ಆರ್ಸೆನಿಕ್ ಎಂದು ಒಂದೊಂದರ ಹೆಸರನ್ನೂ ಅರ್ಜಿಯಲ್ಲಿ ಬರೆಸಿ.