ಬಣವೆ ಹಿಂದೆ ಕಂಡದ್ದು ಚಿರತೆಯೇ?

ಮೆಕ್ಕೆಜೋಳ ಎದೆಮಟ್ಟ ಬೆಳೆದು ನಿಂತಿತೆಂದರೆ ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಿಂದ ಅರಣ್ಯ ಕಚೇರಿಗಳಿಗೆ ಬರುವ ಫೋನು ಹೆಚ್ಚೂಕಡಿಮೆ ಒಂದೇ: "ಸರ್, ನಮ್ಮ ಹೊಲದಾಗೆ ಚಿರತೆ ಐತಿ." ಎಷ್ಟು ದೊಡ್ಡದು? ಕರುವಿನಷ್ಟು. ಯಾವ ಬಣ್ಣ? ಕಂದು. ಎಲ್ಲರೂ ಮೊದಲು ಹೇಳುವುದು ಗಾತ್ರ ಮತ್ತು ಬಣ್ಣವನ್ನೇ. ನಂಬಲಾಗದ್ದೂ ಅವೆರಡೇ. ಟಾರ್ಚ್ ಬೆಳಕಿಗೆ ಎಲ್ಲ ಪ್ರಾಣಿಯೂ ಕಂದು, ಹೆದರಿದ ಕಣ್ಣಿಗೆ ಮುಂಗುಸಿಯೂ ಮೊಳ ಬೆಳೆಯುತ್ತದೆ.

ಹೆಸರಿನದು ಇನ್ನೊಂದು ಗೋಜಲು. 'ಕಿರುಬ' ಎಂದರೆ ಕೆಲವು ಊರಲ್ಲಿ ಚಿರತೆ, ಕೆಲವು ಕಡೆ ಕತ್ತೆಕಿರುಬ. ಆದ್ದರಿಂದ ಫೋನಿನಲ್ಲಿ ಹೆಸರು ಬಿಟ್ಟು ರೂಪ ಹೇಳುವುದು ಒಳ್ಳೆಯದು. ರೂಪದಲ್ಲಿ ಮುಖ್ಯವಾದವು ಬಾಲ, ಬೆನ್ನಿನ ಗೆರೆ, ನಡಿಗೆ.

ಚಿರತೆಯ ಬಾಲ ಉದ್ದ, ತುದಿ ಮೇಲಕ್ಕೆ ಬಾಗಿರುತ್ತದೆ, ತುದಿಯ ಕೆಳಮೈ ಬಿಳಿ. ಬೆನ್ನು ಹೆಚ್ಚುಕಡಿಮೆ ಮಟ್ಟ. ಹೆಗಲಿನ ಎತ್ತರ ಒಂದೂವರೆ ಮೊಳದ ಆಸುಪಾಸು, ಅಂದರೆ 60ರಿಂದ 70 ಸೆಂ.ಮೀ. ಕಾಡುಬೆಕ್ಕು ಹೆಗಲಿಗೆ ಒಂದು ಮೊಳವೂ ಇಲ್ಲ. ಉದ್ದ ಕಾಲು, ಮೋಟು ಬಾಲ, ಬಾಲದ ತುದಿಗೆ ಕಪ್ಪು ಬಳೆ, ಕಿವಿ ತುದಿಯಲ್ಲಿ ಕಪ್ಪು ಕೂದಲು. ಮೈಮೇಲೆ ಚುಕ್ಕೆ ಇಲ್ಲ. 'ಚಿರತೆ' ಎಂದು ಬಂದ ಫೋಟೊದಲ್ಲಿ ಬಾಲ ಮೋಟಾಗಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಕತ್ತೆಕಿರುಬನ ಗುರುತು ಬೆನ್ನು: ಹೆಗಲು ಎತ್ತರ, ಸೊಂಟ ತಗ್ಗು, ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ಜೂಲು, ಪಕ್ಕೆಗೆ ಪಟ್ಟೆ. ಕುಂಟಿದಂತೆ ನಡೆಯುತ್ತದೆ, ಅದಕ್ಕೇ ಕೆಲವರು 'ಗಾಯಗೊಂಡ ಚಿರತೆ' ಎಂದು ವರದಿ ಮಾಡುತ್ತಾರೆ. ತರಕರಡಿಗೆ ಮೇಲೆ ಬೂದುಬಿಳಿ ಕಂಬಳಿ ಹೊದಿಸಿದಂತೆ, ಕೆಳಗೆ ಪೂರ್ತಿ ಕಪ್ಪು. ಗಿಡ್ಡ ಕಾಲಲ್ಲಿ ಓಲಾಡುತ್ತ ಹೋಗುತ್ತದೆ. ಹೆಂಚಿನ ಮೇಲೆ ರಾತ್ರಿ ಸದ್ದು ಮಾಡುವುದು ಬಹುತೇಕ ಮರಬೆಕ್ಕು. ಕಪ್ಪು ಮುಖವಾಡದಂಥ ಮುಖ, ದೇಹದಷ್ಟೇ ಉದ್ದದ ಬಾಲ; ಗೋಡೆ ಮೇಲೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಬಿಟ್ಟು ಹೋಗುತ್ತದೆ. ಕರಡಿ ಬಗ್ಗೆ ಜೋಗಿಮಟ್ಟಿ, ಮೊಳಕಾಲ್ಮುರು ಕಡೆಯವರಿಗೆ ಹೇಳಿಕೊಡುವುದೇನಿಲ್ಲ.

ಗಾತ್ರ ಹೇಳಲೇಬೇಕಾದರೆ ಒಂದು ದಾರಿಯಿದೆ. ಪ್ರಾಣಿ ಯಾವುದರ ಪಕ್ಕ ನಿಂತಿತ್ತು, ಬೇಲಿ ಕಲ್ಲಿನ ಎಲ್ಲಿಯವರೆಗೆ ಬಂತು ಎಂಬುದನ್ನು ನೆನಪಿಟ್ಟುಕೊಂಡು, ಬೆಳಗಾದ ಮೇಲೆ ಆ ಕಲ್ಲನ್ನು ಅಳೆಯಿರಿ. ಅದು ನಿಂತಿದ್ದ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ನೀವು ರಾತ್ರಿ ನಿಂತಿದ್ದಲ್ಲಿಂದಲೇ ಫೋಟೊ ತೆಗೆದರೆ ಇನ್ನೂ ಚೆನ್ನ. 'ಕರು' ಎಂದದ್ದು ಹೀಗೆ ಅಳೆದಾಗ ನಾಯಿಯ ಎತ್ತರಕ್ಕೆ ಇಳಿಯುವುದುಂಟು.

ಹೆಜ್ಜೆ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಹೇಳುತ್ತದೆ, ಓದಲು ಬಾರದಿದ್ದರೆ. ಬೆಕ್ಕಿನ ಜಾತಿಯ ಹೆಜ್ಜೆ ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಅಂಗಾಲಿನ ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬು. ನಾಯಿ, ತೋಳ, ನರಿಯದು ನೀಳ, ಉಗುರು ಮೂಡಿರುತ್ತದೆ. ಉಗುರನ್ನೇ ನಂಬಬೇಡಿ: ಗಟ್ಟಿ ನೆಲದಲ್ಲಿ ನಾಯಿಯ ಉಗುರೂ ಬೀಳುವುದಿಲ್ಲ, ಕೆಸರಲ್ಲಿ ಜಾರಿದ ಚಿರತೆ ಉಗುರು ಊರುತ್ತದೆ. ಎರಡು ಕಡ್ಡಿಯನ್ನು ಗುಣಿಸುವ ಚಿಹ್ನೆಯಂತೆ ಹೆಜ್ಜೆಯ ಮೇಲೆ ಇಟ್ಟು ನೋಡಿ. ಬೆರಳಿಗೂ ಅಂಗಾಲಿಗೂ ತಾಗದಂತೆ ನಡುವಿನ ಸಂದಿಯಲ್ಲಿ ಕೂತರೆ ಅದು ನಾಯಿಯ ಕುಲ. ಬೆಕ್ಕಿನ ಕುಲದಲ್ಲಿ ಅಂಗಾಲು ದೊಡ್ಡದು, ಕಡ್ಡಿಗೆ ಜಾಗ ಸಿಗದು.

ಚಿರತೆಯ ಹೆಜ್ಜೆಯ ಅಗಲ ಸುಮಾರು ನಾಲ್ಕು ಬೆರಳು ಜೋಡಿಸಿದಷ್ಟು, 7ರಿಂದ 9 ಸೆಂ.ಮೀ.; ಕಾಡುಬೆಕ್ಕಿನದು ಅದರ ಅರ್ಧದ ಸುತ್ತಮುತ್ತ. ಹಸಿ ಮಣ್ಣಿನಲ್ಲಿ ಬೆರಳು ಅಗಲಿ ಹೆಜ್ಜೆ ದೊಡ್ಡದಾಗುತ್ತದೆ. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಎರಡೂ ಸೇರಿ 'ಹುಲಿ ಹೆಜ್ಜೆ'ಯಾಗಿಬಿಡುತ್ತದೆ. ಒಂದನ್ನು ನೋಡಿ ತೀರ್ಮಾನ ಬೇಡ, ಸಾಲಾಗಿ ಐದಾರು ನೋಡಿ. ಐದು ಬೆರಳು, ಮುಂದೆ ಉದ್ದ ಉಗುರಿನ ಗೀರು, ಹಿಂಗಾಲು ಮನುಷ್ಯನ ಪಾದದಂತಿದ್ದರೆ ಕರಡಿ. ಮುಂಗಾಲಿನ ಹೆಜ್ಜೆ ಹಿಂಗಾಲಿಗಿಂತ ಎದ್ದುಕಾಣುವಷ್ಟು ದೊಡ್ಡದಾಗಿ, ಮೊಂಡು ಉಗುರು ಮೂಡಿದ್ದರೆ ಕತ್ತೆಕಿರುಬ. ತೋಳನದೋ ನಾಯಿಯದೋ ಎಂದು ಒಂದೇ ಹೆಜ್ಜೆಯಿಂದ ಖಚಿತವಾಗಿ ಹೇಳುವವರನ್ನು ನಂಬಬೇಡಿ.

ಫೋಟೊಕ್ಕೆ ಬೆಳಗಿನ ಓರೆ ಬಿಸಿಲೇ ಸರಿ. ನೆತ್ತಿ ಮೇಲಿನ ಬಿಸಿಲಿಗೆ ಗುಂಡಿ ಕಾಣುವುದಿಲ್ಲ. ಪಕ್ಕದಲ್ಲಿ ಬೆಂಕಿಪೊಟ್ಟಣ ಅಥವಾ ಸ್ಕೇಲ್ ಇಟ್ಟು, ಮೊಬೈಲನ್ನು ನೇರ ಮೇಲಿಂದ ಹಿಡಿಯಿರಿ. ಸಿಬ್ಬಂದಿ ಬರುವವರೆಗೆ ಹೆಜ್ಜೆಯ ಮೇಲೆ ಬುಟ್ಟಿ ಮುಚ್ಚಿ. ಊರಿನವರೆಲ್ಲ ಬಂದು ನೋಡಿದ ಮೇಲೆ ಅಲ್ಲಿ ಉಳಿಯುವುದು ಚಪ್ಪಲಿ ಗುರುತು ಮಾತ್ರ.

ರೊಪ್ಪದಲ್ಲಿ ಕುರಿ ಸತ್ತಿದ್ದರೆ ಗಾಯ ನೋಡಿ. ಚಿರತೆ ಗಂಟಲು ಹಿಡಿಯುತ್ತದೆ. ಕೋರೆಹಲ್ಲಿನ ಆಳವಾದ ತೂತುಗಳು, ಉಳಿದ ಮೈಗೆ ಕಡಿತ ಕಡಿಮೆ, ಎಳೆದೊಯ್ದ ಗುರುತು. ಹತ್ತಾರು ಕುರಿಗೆ ತೊಡೆ, ಹೊಟ್ಟೆ, ಕಿವಿ ಎಲ್ಲೆಂದರಲ್ಲಿ ಹರಿದು, ತಿನ್ನದೆ ಬಿಟ್ಟಿದ್ದರೆ ಮೊದಲ ಅನುಮಾನ ಬೀದಿನಾಯಿಗಳ ಹಿಂಡಿನ ಮೇಲೆ. ಇದನ್ನು ಒಪ್ಪಲು ಕುರಿಗಾರರಿಗೆ ಮನಸ್ಸಾಗದು, ಕಾರಣವೂ ಇದೆ: ಕಾಡುಪ್ರಾಣಿ ಕೊಂದರೆ ಅರಣ್ಯ ಇಲಾಖೆಯ ಪರಿಹಾರ ಉಂಟು, ನಾಯಿ ಕೊಂದರೆ ಅದು ಇಲ್ಲ. ಏನೇ ಇರಲಿ, ಪಶುವೈದ್ಯರು ನೋಡುವ ಮೊದಲು ಕಳೇಬರ ಹೂಳಬೇಡಿ, ಜಾಗದಿಂದ ಸರಿಸಲೂ ಬೇಡಿ. ವರದಿ ನಿಲ್ಲುವುದು ಆ ಗಾಯದ ಮೇಲೆ.

ಹಗಲಲ್ಲೇ ಅಂಗಳಕ್ಕೆ ಬಂದು, ಓಡಿಸಿದರೂ ಹೋಗದ, ತೂರಾಡುವ ನರಿಯೋ ಮುಂಗುಸಿಯೋ ಕಂಡರೆ ಗುರುತಿಸುವ ಗೊಡವೆ ಬಿಟ್ಟು ಮಕ್ಕಳನ್ನು, ನಾಯಿಯನ್ನು ಒಳಗೆ ಕೂಡಿ. ರೇಬಿಸ್ ಇರಬಹುದು. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ. ಅರಿಸಿನ, ಸುಣ್ಣ ಮೆತ್ತಬೇಡಿ.

ಅರಣ್ಯ ಇಲಾಖೆಯ ಸಹಾಯವಾಣಿ 1926. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು, ಬಾಲ ಹೇಗಿತ್ತು, ಈಗಲೂ ಅಲ್ಲೇ ಇದೆಯೇ ಎಂದು ಹೇಳಿದರೆ ಸಾಕು. ಬಳ್ಳಾರಿ ಜಾಲಿಯ ಪೊದೆಯೊಳಗೆ ಹೊಕ್ಕಿದ್ದರೆ ಕೋಲು ಹಿಡಿದು ಸುತ್ತುವರಿಯಬೇಡಿ. ಓಡಲು ದಾರಿ ಸಿಗದ ಚಿರತೆ ಮೈಮೇಲೆ ಬರುತ್ತದೆ. ಚಿರತೆಯಿಂದ ಜನ ಗಾಯಗೊಳ್ಳುವುದು ಬಹಳ ಸಲ ಇಂಥ ಗುಂಪಿನಲ್ಲೇ.

ಕೊಯ್ಲಿನ ಹೊತ್ತಿಗೆ ಹೊಲದ ನಡುವೆ ಮರಿಗಳು ಸಿಕ್ಕರೆ ಇನ್ನೊಂದು ತಪ್ಪು ಆಗುತ್ತದೆ. 'ಚಿರತೆ ಮರಿ' ಎಂದು ಎತ್ತಿಕೊಂಡು ಬಂದವುಗಳಲ್ಲಿ ಕಾಡುಬೆಕ್ಕಿನ ಮರಿಗಳೂ ಇರುತ್ತವೆ, ಅವಕ್ಕೆ ಎಳವೆಯಲ್ಲಿ ಮಸುಕು ಪಟ್ಟೆ ಇರುವುದರಿಂದ. ಯಾವುದರದೇ ಆಗಲಿ, ಮುಟ್ಟದೆ ಅಲ್ಲೇ ಬಿಡಿ. ಸುತ್ತಲಿನ ನಾಲ್ಕಾರು ಸಾಲು ಕೊಯ್ಯದೆ ಉಳಿಸಿ, ಕತ್ತಲಾಗುವ ಮೊದಲೇ ಎಲ್ಲರೂ ಹೊಲದಿಂದ ಹೊರಬನ್ನಿ. ಜನ ದೂರ ಇದ್ದರೆ ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ.