ಕಾರ್ಡು ಜೇಬಿನಲ್ಲಿದ್ದರೆ ಷೇರು ಅರ್ಥವಾದಂತಲ್ಲ

ನನ್ನ ಬಳಿ ಅಮೆರಿಕದ ಷೇರುಗಳ ಲೆಕ್ಕ ತೋರಿಸಲು ಬರುವವರಲ್ಲಿ ಹೆಚ್ಚಿನವರು ಅಮೆರಿಕದ ಹೊರಗೆ ಇರುವವರು. ಅವರ ಪಟ್ಟಿಯಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದೇ ಇರುತ್ತದೆ. ಯಾಕೆ ಕೊಂಡಿರಿ ಎಂದರೆ, "ದಿನಾ ಬಳಸ್ತೀನಲ್ಲ, ಗೊತ್ತಿರೋ ಕಂಪನಿ" ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ಕೇಳುತ್ತಾರೆ: "ಜನ ಕಾರ್ಡಿನ ಸಾಲ ಕಟ್ಟದೇ ಹೋದರೆ ಈ ಕಂಪನಿ ಮುಳುಗುತ್ತಾ?"

ಮುಳುಗುವುದಿಲ್ಲ, ಯಾಕೆಂದರೆ ಆ ಸಾಲ ಅದರದ್ದಲ್ಲ. ಕಾರ್ಡು ಕೊಟ್ಟಿದ್ದು ಬ್ಯಾಂಕು, ಸಾಲ ಕೊಟ್ಟಿದ್ದೂ ಬ್ಯಾಂಕು. ಬಡ್ಡಿ ಅದಕ್ಕೇ, ಬಾಕಿ ಮುಳುಗಿದರೆ ನಷ್ಟವೂ ಅದಕ್ಕೇ. ವೀಸಾ ಮಾಡುವ ಕೆಲಸ ಬೇರೆ. ಗ್ರಾಹಕನ ಬ್ಯಾಂಕಿಗೂ ಅಂಗಡಿಯ ಬ್ಯಾಂಕಿಗೂ ನಡುವೆ ಸಂದೇಶ ಸಾಗಿಸುತ್ತದೆ, ದಿನದ ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಚುಕ್ತಾ ಮಾಡುತ್ತದೆ. ಸದಸ್ಯ ಬ್ಯಾಂಕೇ ಮುರಿದುಬಿದ್ದರೆ ಮಾತ್ರ ಆ ನಡುವಿನ ಪಾವತಿಗೆ ಅದು ಹೊಣೆ. ಅಮೆರಿಕನ್ ಎಕ್ಸ್‌ಪ್ರೆಸ್ ಹಾಗಲ್ಲ. ಅದು ತಾನೇ ಸಾಲವನ್ನೂ ಕೊಡುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೆಲೆ ಹೋಲಿಸುವವರನ್ನು ಕಂಡಾಗ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ಅಂಗಡಿಯವನಿಂದ ಮುರಿದುಕೊಳ್ಳುವ ಶುಲ್ಕದಲ್ಲೂ ದೊಡ್ಡ ಪಾಲು ವೀಸಾಗೆ ಹೋಗುವುದಿಲ್ಲ. 'ಇಂಟರ್‌ಚೇಂಜ್' ಎಂಬ ಹೆಸರಿನಲ್ಲಿ ಅದು ಕಾರ್ಡು ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ದರ ನಿಗದಿ ಮಾಡುವುದು ವೀಸಾ, ಹಣ ತಿನ್ನುವುದು ಬ್ಯಾಂಕು. ಈ ವಿಚಿತ್ರ ಏರ್ಪಾಡನ್ನು ನೆನಪಿನಲ್ಲಿಡಿ. ಬಹಳಷ್ಟು ಮೊಕದ್ದಮೆಗಳು ಹುಟ್ಟುವುದು ಇಲ್ಲಿಂದಲೇ.

2024ರ ಸೆಪ್ಟೆಂಬರ್‌ಗೆ ಮುಗಿದ ಹಣಕಾಸು ವರ್ಷದ ಲೆಕ್ಕ ನೋಡೋಣ. ವೀಸಾ ಕಾರ್ಡುಗಳಲ್ಲಿ ನಡೆದ ಪಾವತಿ ಸುಮಾರು 13.2 ಲಕ್ಷ ಕೋಟಿ ಡಾಲರ್. ಕಂಪನಿಯ ಆದಾಯ ಸುಮಾರು 3,590 ಕೋಟಿ ಡಾಲರ್. ಭಾಗಿಸಿದರೆ ಪ್ರತಿ 100 ಡಾಲರ್ ಖರ್ಚಿಗೆ 27 ಸೆಂಟ್. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಆ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು 1,970 ಕೋಟಿ ಡಾಲರ್, ನಿವ್ವಳ ಲಾಭವಾಗಿ ಉಳಿಯಿತು. ಜಾಲ ಒಮ್ಮೆ ಕಟ್ಟಿಯಾಗಿದೆ. ಅದರ ಮೇಲೆ ಇನ್ನೊಂದು ವಹಿವಾಟು ಓಡಿಸಲು ತಗಲುವ ಖರ್ಚು ಏನೇನೂ ಅಲ್ಲ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ನೋಡುವುದು ಆದಾಯದ ಪಟ್ಟಿಯಲ್ಲಿ ಮೈನಸ್ ಗುರುತು ಹೊತ್ತ ಒಂದೇ ಸಾಲನ್ನು. ಅದರ ಹೆಸರು ಕ್ಲೈಂಟ್ ಇನ್ಸೆಂಟಿವ್. ನಮ್ಮ ಜಾಲದಲ್ಲೇ ಇರಿ, ಪ್ರತಿಸ್ಪರ್ಧಿ ಕಡೆ ಹೋಗಬೇಡಿ ಎಂದು ಬ್ಯಾಂಕುಗಳಿಗೂ ದೊಡ್ಡ ವ್ಯಾಪಾರಿಗಳಿಗೂ ಕೊಡುವ ಹಣ ಅದು. ಆ ವರ್ಷ ಅದು ಸುಮಾರು 1,380 ಕೋಟಿ ಡಾಲರ್ ಇತ್ತು. ಅಂದರೆ ವಸೂಲಾದ ಪ್ರತಿ 100 ಡಾಲರ್‌ನಲ್ಲಿ ಹತ್ತಿರ ಹತ್ತಿರ 28 ಡಾಲರ್ ವಾಪಸ್ಸು ಹೋಯಿತು. ಈ ಜಾಲಕ್ಕೆ ಎದುರಾಳಿಯೇ ಇಲ್ಲ ಅನ್ನುವವರು ಈ ಸಾಲನ್ನು ಓದಿಲ್ಲ ಅಂತಲೇ ಅರ್ಥ. ಆದಾಯಕ್ಕಿಂತ ಇದು ಬೇಗ ಬೆಳೆಯುತ್ತಾ ಹೋದರೆ ಚೌಕಾಸಿಯಲ್ಲಿ ಬ್ಯಾಂಕುಗಳ ಕೈ ಮೇಲಾಗುತ್ತಿದೆ ಎಂದು ನಾನು ಗುರುತು ಹಾಕಿಕೊಳ್ಳುತ್ತೇನೆ.

ಇನ್ನೊಂದು ಸಾಲು ಗಡಿ ದಾಟುವ ಪಾವತಿಯದ್ದು. ಒಂದು ದೇಶದ ಕಾರ್ಡು ಇನ್ನೊಂದು ದೇಶದಲ್ಲಿ ಬಳಕೆಯಾದರೆ ಶುಲ್ಕ ಜಾಸ್ತಿ. ಇನ್ಸೆಂಟಿವ್ ಕಳೆಯುವ ಮೊದಲಿನ ಆದಾಯದಲ್ಲಿ ಕಾಲು ಭಾಗ ಇದರಿಂದಲೇ ಬರುತ್ತದೆ. ಹಾಗಾಗಿ ಈ ಕಂಪನಿಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಸಾಲ ಕಟ್ಟದವರಲ್ಲ, ಪ್ರಯಾಣ ನಿಲ್ಲಿಸಿದವರು. ಕೊರೊನಾ ಬಂದ 2020ರ ಹಣಕಾಸು ವರ್ಷದಲ್ಲಿ ಆದಾಯ ಸುಮಾರು 2,300 ಕೋಟಿಯಿಂದ 2,180 ಕೋಟಿ ಡಾಲರ್‌ಗೆ ಇಳಿಯಿತು. ವಿಮಾನಗಳು ಮತ್ತೆ ಹಾರಿದ ಮೇಲೆ ಚೇತರಿಸಿತು.

ಅಪಾಯ ಅಂದರೆ ಸರ್ಕಾರ ಮತ್ತು ಕೋರ್ಟು. ಯುರೋಪಿಯನ್ ಒಕ್ಕೂಟ 2015ರಲ್ಲಿ ಇಂಟರ್‌ಚೇಂಜ್‌ಗೆ ಮಿತಿ ಹಾಕಿತು: ಡೆಬಿಟ್‌ಗೆ ಶೇ 0.2, ಕ್ರೆಡಿಟ್‌ಗೆ ಶೇ 0.3. ಅಮೆರಿಕದ ಡರ್ಬಿನ್ ತಿದ್ದುಪಡಿ ಎಂಬ ಕಾನೂನು 2011ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಶುಲ್ಕಕ್ಕೆ ಲಗಾಮು ಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ವೀಸಾ ಮೇಲೆ ಡೆಬಿಟ್ ಏಕಸ್ವಾಮ್ಯದ ದಾವೆ ಹೂಡಿತು. ಭಾರತದ ಯುಪಿಐ, ಬ್ರೆಜಿಲ್‌ನ ಪಿಕ್ಸ್ ತರಹದ ವ್ಯವಸ್ಥೆಗಳಂತೂ ಕಾರ್ಡನ್ನೇ ಬದಿಗಿಟ್ಟು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ನೇರವಾಗಿ ಹಣ ದಾಟಿಸುತ್ತವೆ. ನನಗೆ ಮೊಕದ್ದಮೆಗಳಿಗಿಂತ ಇವುಗಳದ್ದೇ ಜಾಸ್ತಿ ಚಿಂತೆ. ದಂಡ ಒಮ್ಮೆ ಕಟ್ಟಿದರೆ ಮುಗಿಯಿತು, ಬದಲಾದ ಅಭ್ಯಾಸ ಹಿಂದೆ ಬರುವುದಿಲ್ಲ.

ಮೊಕದ್ದಮೆ ಅಂದಾಗ ಒಂದು ಸ್ವಾರಸ್ಯ. 2008ರ ಮಾರ್ಚ್‌ನಲ್ಲಿ ವೀಸಾ ಮೊದಲ ಸಲ ಸಾರ್ವಜನಿಕರಿಗೆ 44 ಡಾಲರ್‌ಗೆ ಷೇರು ಬಿಟ್ಟಾಗ ಹಳೆಯ ಇಂಟರ್‌ಚೇಂಜ್ ದಾವೆಗಳ ಭಾರವನ್ನು ಅಮೆರಿಕದ ಬ್ಯಾಂಕುಗಳ ಕೈಯಲ್ಲಿದ್ದ ಬಿ ವರ್ಗದ ಷೇರಿಗೆ ಕಟ್ಟಿತು. ಆ ದಾವೆಗಳಿಗೆಂದು ಹಣ ತೆಗೆದಿಟ್ಟಾಗಲೆಲ್ಲ ಬಿ ಷೇರಿನ ಪರಿವರ್ತನೆ ದರ, ಅಂದರೆ ಒಂದು ಬಿ ಷೇರಿಗೆ ಎಷ್ಟು ಎ ಷೇರು ಸಿಗುತ್ತದೆ ಎಂಬ ಲೆಕ್ಕ, ಕುಗ್ಗುತ್ತದೆ. ಮಾರುಕಟ್ಟೆಯಲ್ಲಿ ನಿಮಗೆ ಸಿಗುವ ಎ ಷೇರಿಗೆ ಅದು ಒಂದು ರಕ್ಷಣೆ. 2024ರ ದಾವೆಗೆ ಮಾತ್ರ ಈ ಕೊಡೆ ಇಲ್ಲ.

ಇನ್ನು ಹೊರಗಿನವರ ಪಾಡು. ವೀಸಾ ಆದಾಯದಲ್ಲಿ ಸುಮಾರು ಶೇ 60 ಅಮೆರಿಕದ ಹೊರಗಿನದು. ಡಾಲರ್ ಬಲವಾದರೆ ಆ ಗಳಿಕೆ ಡಾಲರ್ ಲೆಕ್ಕದಲ್ಲಿ ಕುಗ್ಗುತ್ತದೆ. ಅದೇ ಹೊತ್ತಿಗೆ ನಿಮ್ಮ ದೇಶದ ಹಣದಲ್ಲಿ ಷೇರಿನ ಬೆಲೆ ಏರುತ್ತದೆ. ಒಂದು ಕೈಯಲ್ಲಿ ಕಳೆದುಕೊಂಡಿದ್ದು ಇನ್ನೊಂದು ಕೈಗೆ ಸ್ವಲ್ಪ ಬರುತ್ತದೆ.

ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶ, ಅಂದರೆ ಡಿವಿಡೆಂಡ್ ಮೇಲೆ ಅಮೆರಿಕ ಮೂಲದಲ್ಲೇ ಶೇ 30 ತೆರಿಗೆ ಹಿಡಿಯುತ್ತದೆ. ನಿಮ್ಮ ದೇಶದ ಜೊತೆ ತೆರಿಗೆ ಒಪ್ಪಂದ ಇದ್ದರೆ ದರ ಕಡಿಮೆ. ಆದರೆ ಬ್ರೋಕರ್ ಬಳಿ ಡಬ್ಲ್ಯು-8 ಬೆನ್ ಎಂಬ ಫಾರಂ ಇರಬೇಕು. ಸಹಿ ಹಾಕಿದ ವರ್ಷದ ನಂತರದ ಮೂರನೇ ವರ್ಷದ ಕೊನೆಗೆ ಅದರ ಅವಧಿ ಮುಗಿಯುತ್ತದೆ. ಮರೆತು ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ. ಪುಣ್ಯಕ್ಕೆ ವೀಸಾ ಡಿವಿಡೆಂಡ್ ಚಿಕ್ಕದು. ಷೇರುದಾರರಿಗೆ ಹೋಗುವ ಹಣದಲ್ಲಿ ಹೆಚ್ಚಿನದು ಬೈಬ್ಯಾಕ್‌ಗೆ ಹೋಗುತ್ತದೆ. ಮಾರುಕಟ್ಟೆಯಿಂದ ಷೇರು ಕೊಂಡು ರದ್ದು ಮಾಡಿದಾಗ ನಿಮ್ಮ ಪಾಲು ದೊಡ್ಡದಾಗುತ್ತದೆ, ನಿಮ್ಮ ಜೇಬಿನಿಂದ ತೆರಿಗೆ ಹಿಡಿಯುವ ಮಾತು ಅಲ್ಲಿಲ್ಲ. ಮಾರಿದ ಲಾಭಕ್ಕೂ ಅನಿವಾಸಿಗಳಿಂದ ಅಮೆರಿಕ ಸಾಮಾನ್ಯವಾಗಿ ತೆರಿಗೆ ಕೇಳುವುದಿಲ್ಲ. ಅದನ್ನು ಕೇಳುವುದು ನಿಮ್ಮ ದೇಶ.

ಯಾರೂ ಕೇಳದ ಪ್ರಶ್ನೆ ಒಂದಿದೆ, ನಾನೇ ಎತ್ತುತ್ತೇನೆ. ಷೇರು ಇಟ್ಟವರು ತೀರಿಕೊಂಡರೆ? ಅಮೆರಿಕದ ನಾಗರಿಕರೂ ನಿವಾಸಿಗಳೂ ಅಲ್ಲದವರ ಅಮೆರಿಕದ ಆಸ್ತಿ 60,000 ಡಾಲರ್ ದಾಟಿದರೆ ಎಸ್ಟೇಟ್ ತೆರಿಗೆ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) ಬರಬಹುದು, ದರ ಶೇ 40ರವರೆಗೂ ಇದೆ. ಕೆಲವು ದೇಶಗಳಿಗೆ ಒಪ್ಪಂದದಿಂದ ರಿಯಾಯಿತಿ ಉಂಟು, ಎಲ್ಲಕ್ಕೂ ಇಲ್ಲ. ಬ್ರೋಕರ್ ಯಾವ ದೇಶದವನು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂಬುದೇ ಮುಖ್ಯ. ಹೀಗಾಗಿ ಕೆಲವರು ಐರ್ಲೆಂಡ್‌ನಲ್ಲಿ ನೋಂದಾಯಿಸಿದ ಇಟಿಎಫ್ (ಷೇರಿನಂತೆಯೇ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಫಂಡ್) ಮೂಲಕ ಕೊಳ್ಳುತ್ತಾರೆ. ಹಾಗೆ ಮಾಡುವವರಿಗೆ ಒಂದು ಮಾತು: 2023ರ ಮಾರ್ಚ್‌ನಲ್ಲಿ ಯಾವ ಕಂಪನಿ ಯಾವ ವಲಯಕ್ಕೆ ಸೇರುತ್ತದೆ ಎಂಬ ಸೂಚ್ಯಂಕ ವರ್ಗೀಕರಣ ಬದಲಾಗಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಐಟಿ ವಲಯದಿಂದ ಹಣಕಾಸು ವಲಯಕ್ಕೆ ಹೋದವು. ಟೆಕ್ ಫಂಡ್ ಇಟ್ಟುಕೊಂಡು ಅದರಲ್ಲಿ ವೀಸಾ ಇದೆ ಅಂದುಕೊಂಡಿದ್ದರೆ ಒಮ್ಮೆ ಪಟ್ಟಿ ತೆರೆದು ನೋಡಿ.