ಹವಳ ಕಚ್ಚಿಕೊಳ್ಳುವ ತನಕ

ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದನ್ನು ನೋಡಿದ್ದೀರಾ? ಎಳೆ ಬಳ್ಳಿಯನ್ನು ಮರಕ್ಕೆ ಒರಗಿಸಿ ಬಾಳೆನಾರಿನಿಂದ ಹಗುರವಾಗಿ ಕಟ್ಟುತ್ತಾರೆ. ಕೆಲವು ವಾರ ಕಳೆದರೆ ಗಿಣ್ಣುಗಳಿಂದ ಬೇರು ಹೊರಟು ತೊಗಟೆಯನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ನಾರು ಕೊಳೆತು ಉದುರಿದರೂ ಬಳ್ಳಿಗೆ ಏನೂ ಆಗುವುದಿಲ್ಲ. ನಾರು ಬಳ್ಳಿಯನ್ನು ಹೊತ್ತು ನಿಲ್ಲಲಿ ಅಂತ ಕಟ್ಟಿದ್ದಲ್ಲ. ಬಳ್ಳಿ ತಾನೇ ಹಿಡಿಯುವ ತನಕ ಅಲುಗದಿರಲಿ ಅಂತ ಕಟ್ಟಿದ್ದು.

ಹ್ಯೂಸ್ಟನ್‌ನ ನಮ್ಮ ಮನೆಯಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಹವಳ ಬೆಳೆಸುತ್ತೇನೆ. ಹೊಸ ಹವಳದ ತುಂಡು ತಂದಾಗಲೆಲ್ಲ ನಾನು ಮಾಡುವುದು ಈ ಮೆಣಸಿನ ಬಳ್ಳಿಯ ಕೆಲಸವನ್ನೇ. ಮರದ ಬದಲು ಬಂಡೆ, ಬಾಳೆನಾರಿನ ಬದಲು ಸೂಪರ್ ಗ್ಲೂ. ಊರಲ್ಲಿ ಫೆವಿಕ್ವಿಕ್ ಅಂತ ಕೊಳ್ಳುತ್ತೀವಲ್ಲ, ಅದೇ ಜಾತಿಯ ಅಂಟು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿರುವವರು ಇದನ್ನು ಮನೆಯಲ್ಲಿ ಮಾಡುವ ಹಾಗಿಲ್ಲ. ಸಮುದ್ರದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದವರು ನೋಡಿ ಸಂತೋಷಪಡಬೇಕು, ಒಂದು ಚೂರನ್ನೂ ಕಿತ್ತು ತರಬಾರದು. ನನ್ನ ಟ್ಯಾಂಕಿನಲ್ಲಿರುವ ತುಂಡುಗಳು ಇಲ್ಲಿನ ಹವ್ಯಾಸಿಗಳ ಮನೆಯಲ್ಲೇ ಬೆಳೆದ ತಾಯಿ ಹವಳಗಳಿಂದ ಕತ್ತರಿಸಿದವು. ಸಮುದ್ರದಿಂದ ಕಿತ್ತವಲ್ಲ.

ಮನೆಗೆ ಬಂದವರು ಟ್ಯಾಂಕಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ, 'ಕಲ್ಲನ್ನು ಕಲ್ಲಿಗೆ ಅಂಟಿಸೋಕೆ ಇಷ್ಟು ಕಷ್ಟವಾ?' ಎರಡನೆಯದು, 'ಇದನ್ನೇ ಅಲ್ವಾ ಕುಜದೋಷಕ್ಕೆ ಉಂಗುರದಲ್ಲಿ ಹಾಕೋದು?' ಎರಡಕ್ಕೂ ಅಲ್ಲ ಅಂತಲೇ ಉತ್ತರ: ಇದು ಕಲ್ಲಲ್ಲ, ಜೀವ ಇರುವ ಪ್ರಾಣಿ. ಉಂಗುರದ ಹವಳವೂ ಅಲ್ಲ. ಉಂಗುರದ ಕೆಂಪು ಹವಳ ಬರುವುದು ಬಹುಪಾಲು ಮೆಡಿಟರೇನಿಯನ್ ಸಮುದ್ರದಿಂದ. ಅದು ದಿಬ್ಬ ಕಟ್ಟುವ ಹವಳವೇ ಅಲ್ಲ, ಬೇರೆ ಕುಲ. ಬೆರಳಿಗೆ ಹಾಕಿಕೊಳ್ಳುವುದು ಸತ್ತ ಪ್ರಾಣಿಯ ಅಸ್ಥಿಯನ್ನು. ಅದಕ್ಕೂ ಮಂಗಳ ಗ್ರಹಕ್ಕೂ ಯಾವ ಸಂಬಂಧವೂ ಇಲ್ಲ. ಶತಮಾನಗಳಿಂದ ಇಂಥ ಆಭರಣಗಳ ಬೇಡಿಕೆಗಾಗಿ ಆ ಸಮುದ್ರದ ತಳವನ್ನು ಕೆರೆದಿದ್ದಾರೆ ಅನ್ನುವುದು ನೆನಪಾದರೆ ನನಗೆ ಹೊಟ್ಟೆ ಉರಿಯುತ್ತದೆ.

ಹವಳ ಪ್ರಾಣಿ ಅನ್ನುವುದು ತಿಳಿದು ಇನ್ನೂ ಮುನ್ನೂರು ವರ್ಷ ಆಗಿದೆ, ಅಷ್ಟೇ. ರೋಮನ್ನರು ಅದನ್ನು ನೀರಲ್ಲಿ ಮೆತ್ತಗಿರುವ ಗಿಡ ಅಂದುಕೊಂಡಿದ್ದರು. ಹೊರಗೆ ತಂದರೆ ಗಾಳಿ ತಗುಲಿ ಕಲ್ಲಾಗುತ್ತದಂತೆ. 1720ರ ದಶಕದಲ್ಲಿ ಮಾರ್ಸೇಲ್ಸ್‌ನ ವೈದ್ಯ ಪೇಸೊನೆಲ್ ಹವಳವನ್ನು ಸಮುದ್ರದ ನೀರು ತುಂಬಿದ ಪಾತ್ರೆಯಲ್ಲಿಟ್ಟು ನೋಡಿದ. ಅದರ 'ಹೂಗಳು' ಮುಟ್ಟಿದರೆ ಮುದುಡುತ್ತಿದ್ದವು, ಬಿಟ್ಟರೆ ಅರಳುತ್ತಿದ್ದವು. ಇವು ಹೂವಲ್ಲ, ಜೀವಿಗಳು ಅಂತ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಬರೆದ. ಅಲ್ಲಿನ ದೊಡ್ಡವರಾದ ರೋಮ್ಯೂರ್‌ಗೆ ಅದು ಎಷ್ಟು ಅಸಂಬದ್ಧ ಅನಿಸಿತೆಂದರೆ, ಪೇಸೊನೆಲ್‌ನ ಮಾನ ಉಳಿಯಲಿ ಅಂತ ಹೆಸರು ಹೇಳದೆ ಆ ವಿಚಾರವನ್ನು ಸಭೆಯ ಮುಂದಿಟ್ಟರು. ಒಪ್ಪಿಕೊಳ್ಳಲು ಅವರಿಗೆ ಹದಿನೈದು ವರ್ಷದ ಮೇಲೆ ಹಿಡಿಯಿತು.

ಗಾಳಿ ತಗುಲಿದರೆ ಗಟ್ಟಿಯಾಗುತ್ತದೆ ಅನ್ನುವ ಆ ಹಳೆಯ ತಪ್ಪು ಕಲ್ಪನೆ ಇವತ್ತೂ ಇದೆ. ಹವಳದ ಬಗ್ಗೆ ಅಲ್ಲ, ಅಂಟಿನ ಬಗ್ಗೆ. 'ಫೆವಿಕ್ವಿಕ್ ಒಣಗಲಿ ಬಿಡು' ಅಂತೀವಿ. ಅದು ಒಣಗುವುದೇ ಇಲ್ಲ! ಗೋಂದು ಒಣಗುತ್ತದೆ, ಮೈದಾ ಅಂಟು ಒಣಗುತ್ತದೆ. ಅವುಗಳಲ್ಲಿರುವ ನೀರು ಆರಿಹೋಗುತ್ತದೆ. ಸೂಪರ್ ಗ್ಲೂ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ನೀರು ಸಿಕ್ಕರೆ ಅದು ಗಟ್ಟಿಯಾಗುತ್ತದೆ.

ಟ್ಯೂಬಿನೊಳಗೆ ಇರುವುದು ಸೈನೋಅಕ್ರಿಲೇಟ್ ಅನ್ನುವ ರಾಸಾಯನಿಕದ ಬಿಡಿ ಬಿಡಿ ಅಣುಗಳು. ಪ್ರತಿ ಅಣುವಿನಲ್ಲೂ ಎರಡು ಇಂಗಾಲಗಳ ನಡುವೆ ಒಂದು ಜೋಡಿ ಬಂಧ ಇದೆ. ಒಂದು ಇಂಗಾಲಕ್ಕೆ ಎರಡು ಗುಂಪುಗಳು ಅಂಟಿಕೊಂಡಿವೆ. ಅವೆರಡೂ ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಇನ್ನೊಂದು ಇಂಗಾಲಕ್ಕೆ ಸದಾ ಎಲೆಕ್ಟ್ರಾನಿನ ಹಸಿವು. ನೀರಿನಲ್ಲಿರುವ ಒಂದು ಹೈಡ್ರಾಕ್ಸಿಲ್ ಅಯಾನು ಬಂದು ಅಲ್ಲಿ ಕೂತರೆ ಸಾಕು, ಜೋಡಿ ಬಂಧ ಬಿಚ್ಚಿಕೊಂಡು ಅಣು ಪಕ್ಕದ ಅಣುವಿಗೆ ಕೈ ಚಾಚುತ್ತದೆ. ಅದು ಮುಂದಿನದಕ್ಕೆ, ಅದು ಅದರ ಮುಂದಿನದಕ್ಕೆ. ನಿಲ್ದಾಣದಲ್ಲಿ ಬಿಡಿಬಿಡಿಯಾಗಿ ನಿಂತಿದ್ದ ಬೋಗಿಗಳು ಒಂದೇ ಉಸಿರಿಗೆ ಕೊಂಡಿ ಹಾಕಿಕೊಂಡು ಉದ್ದದ ರೈಲಾದ ಹಾಗೆ. ಅಥವಾ ಹಾಲಿಗೆ ಹೆಪ್ಪು ಹಾಕಿದ ಹಾಗೆ: ಹೆಪ್ಪು ಒಂದು ಹನಿ, ಗಟ್ಟಿಯಾಗುವುದು ಇಡೀ ಪಾತ್ರೆ. ವ್ಯತ್ಯಾಸ ಇಷ್ಟೇ, ಮೊಸರಿಗೆ ರಾತ್ರಿಯಿಡೀ ಬೇಕು, ಇದಕ್ಕೆ ಕೆಲವು ಸೆಕೆಂಡು. ತಯಾರಿಸುವವರು ಟ್ಯೂಬಿಗೆ ಚೂರು ಆಮ್ಲ ಬೆರೆಸಿ ಈ ಹೆಪ್ಪನ್ನು ತಡೆಹಿಡಿದಿರುತ್ತಾರೆ. ಮುಚ್ಚಳ ಸರಿಯಾಗಿ ಹಾಕದ ಟ್ಯೂಬ್ 'ಒಣಗಿಹೋಯ್ತು' ಅಂತ ಬಿಸಾಡುತ್ತೀವಲ್ಲ, ಅದು ಒಣಗಿದ್ದಲ್ಲ, ಗಾಳಿಯ ತೇವ ಕುಡಿದು ಹೆಪ್ಪುಗಟ್ಟಿದ್ದು.

ಈ ಅಂಟು ಸಿಕ್ಕಿದ್ದೇ ಒಂದು ಕಿರಿಕಿರಿಯಿಂದ. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಕಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸೈನೋಅಕ್ರಿಲೇಟ್ ಮುಟ್ಟಿದ್ದಕ್ಕೆಲ್ಲ ಅಂಟುತ್ತಿತ್ತು. ಇದು ಕೆಲಸಕ್ಕೆ ಬಾರದು ಅಂತ ಪಕ್ಕಕ್ಕಿಟ್ಟರು. 1951ರಲ್ಲಿ ಅವರ ತಂಡದ ಫ್ರೆಡ್ ಜಾಯ್ನರ್ ಅದನ್ನು ವಕ್ರೀಭವನ ಅಳೆಯುವ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಹಾಕಿದರು. ಪಟ್ಟಕಗಳು ಬಿಡಿಸಿಕೊಳ್ಳಲೇ ಇಲ್ಲ. ದುಬಾರಿ ಉಪಕರಣ ಹಾಳಾಯಿತು. ಅಂಟು ಪೇಟೆಗೆ ಬಂದದ್ದು 1958ರಲ್ಲಿ. ಇದು ವಿಷ, ಮೀನು ಸಾಯುತ್ತವೆ ಅಂತ ಹೆದರಿಸುವವರಿಗೆ ಒಂದು ವಿಷಯ ಹೇಳಬೇಕು: ಇದೇ ಕುಟುಂಬದ ಒಂದು ಅಂಟನ್ನು ಹೊಲಿಗೆಯ ಬದಲು ಮನುಷ್ಯರ ಗಾಯ ಮುಚ್ಚಲು ಬಳಸುವುದಕ್ಕೆ ಅಮೆರಿಕ ಸರ್ಕಾರ 1998ರಲ್ಲೇ ಒಪ್ಪಿಗೆ ಕೊಟ್ಟಿದೆ. ಗಟ್ಟಿಯಾದ ಮೇಲೆ ಅದು ಟ್ಯಾಂಕಿನಲ್ಲಿ ಸುಮ್ನೆ ಒಂದು ಪ್ಲಾಸ್ಟಿಕ್ ಚೂರು.

ಸಮುದ್ರದ ನೀರು ಸ್ವಲ್ಪ ಕ್ಷಾರೀಯ, ಪಿಎಚ್ 8.2ರ ಆಸುಪಾಸು. ಅಂದರೆ ಶುದ್ಧ ನೀರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹೈಡ್ರಾಕ್ಸಿಲ್ ಅಯಾನುಗಳು ಅಲ್ಲಿವೆ. ಅಂಟಿಗೆ ಇದಕ್ಕಿಂತ ಒಳ್ಳೆಯ ಹೆಪ್ಪು ಇನ್ನೇನು ಬೇಕು? ಆದರೆ ತೊಂದರೆ ಇರುವುದೂ ಇಲ್ಲೇ. ಅಂಟು ಹಚ್ಚಿದ ತುಂಡನ್ನು ನೀರಿಗೆ ಇಳಿಸಿದ ಕೂಡಲೇ ಅಂಟಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬಿಸಿ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಒಳಗಿನ ಅಂಟು ಇನ್ನೂ ಹಸಿ. ಆದರೆ ಬಂಡೆಗೆ ತಾಗುವುದು ಆಗಲೇ ಗಟ್ಟಿಯಾದ ಕೆನೆ.

ಇದು ಗೊತ್ತಿಲ್ಲದೆ ನಾನು ಒಂದು ಹವಳ ಕಳೆದುಕೊಂಡೆ. ನೀಲಿ ತುದಿಯ ಕೊಂಬಿನ ಹವಳ, ಕಿರುಬೆರಳಿನಷ್ಟು. ಬಂಡೆಯ ಮೇಲೆ ಒತ್ತಿ ಹಿಡಿದು ಒಂದು ನಿಮಿಷ ಎಣಿಸಿದೆ. ನಿಂತಿತು. ಬೆಳಿಗ್ಗೆ ಎದ್ದು ನೋಡಿದರೆ ಬಸವನಹುಳು ಅದರ ಮೇಲೆ ಹರಿದುಹೋಗಿತ್ತು. ತುಂಡು ಕೆಳಗಿದ್ದ ಸುತ್ತಿಗೆ ಹವಳದ ಮಡಿಲಿಗೆ ಬಿದ್ದಿತ್ತು. ಸುತ್ತಿಗೆ ಹವಳದ ಗ್ರಹಣಾಂಗಗಳಲ್ಲಿ ಕುಟುಕುವ ಕೋಶಗಳಿವೆ. ಒಂದು ಪಕ್ಕದ ಮಾಂಸವೆಲ್ಲ ಕರಗಿ ಬಿಳಿ ಅಸ್ಥಿ ಕಾಣುತ್ತಿತ್ತು. ಎರಡು ದಿನದಲ್ಲಿ ಉಳಿದ ಪಕ್ಕವೂ ಹೋಯಿತು. ಬಂಡೆಯ ಮೇಲೆ ಅಂಟಿನ ಒಂದು ಬಿಳಿ ಬಿಲ್ಲೆ ಇತ್ತು. ಉಗುರು ತಾಗಿಸಿದರೆ ಪೂರ್ತಿ ಎದ್ದು ಬಂತು. ಅದರ ಅಡಿಯಲ್ಲಿ ಹಸಿರು ಪಾಚಿಯ ಗುರುತು. ಅಂಟು ಬಂಡೆಯನ್ನು ಹಿಡಿದೇ ಇರಲಿಲ್ಲ, ಬಂಡೆಯ ಮೇಲಿನ ಲೋಳೆಯನ್ನು ಹಿಡಿದಿತ್ತು.

ಈಗ ಹೀಗೆ ಮಾಡುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಂಡೆಯ ಆ ಜಾಗವನ್ನು ಉಜ್ಜುತ್ತೇನೆ, ಪಾಚಿ ಹೋಗಿ ಒರಟು ಕಲ್ಲು ಕಾಣುವ ತನಕ. ಹವಳದ ತಳವನ್ನು ಒರೆಸಿ ಕಡಲೆಕಾಳಿನಷ್ಟು ಅಂಟು ಇಡುತ್ತೇನೆ. ನೀರಿನಂಥ ತೆಳು ಅಂಟು ಬೇಡ, ಜೆಲ್ ಆಗಬೇಕು. ಅಂಟು ಅಸ್ಥಿಗೆ ಮಾತ್ರ, ಮಾಂಸಕ್ಕೆ ತಾಗಬಾರದು. ನೀರಿಗೆ ಇಳಿಸಿ ಬಂಡೆಗೆ ಒತ್ತಿ ತಿರುಗಿಸುತ್ತೇನೆ, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ. ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ. ಕೆನೆ ಹರಿಯುತ್ತದೆ, ಒಳಗಿನ ಹಸಿ ಅಂಟು ಕಲ್ಲಿನ ಸಣ್ಣ ಸಣ್ಣ ತೂತುಗಳಿಗೆ ನುಗ್ಗುತ್ತದೆ, ಅಲ್ಲೇ ನೀರು ಕುಡಿದು ಗಟ್ಟಿಯಾಗುತ್ತದೆ. ನಾಲ್ಕೈದು ತಿರುವಿನಲ್ಲಿ ಬೆರಳಿಗೇ ಗೊತ್ತಾಗುತ್ತದೆ: ಜಾರುತ್ತಿದ್ದದ್ದು ಸ್ವಲ್ಪ ಬಿಗಿಯಾಗುತ್ತದೆ, ಆಮೇಲೆ ತಿರುಗುವುದಿಲ್ಲ. ಆಗ ಕೈ ಬಿಡಬೇಕು. ಇನ್ನೊಮ್ಮೆ ತಿರುಗಿಸಿದರೆ ಕಟ್ಟಿದ್ದೆಲ್ಲ ಮುರಿಯುತ್ತದೆ. ಭಾರದ ಹವಳವಾದರೆ ನಡುವೆ ಎಪಾಕ್ಸಿ ಅನ್ನುವ, ಕಲೆಸಿದ ಮೇಲೆ ಗಟ್ಟಿಯಾಗುವ ಹಿಟ್ಟಿನ ಉಂಡೆ, ಅದರ ಮೇಲೂ ಕೆಳಗೂ ಜೆಲ್. ಹಿಟ್ಟು ತಗ್ಗುದಿಣ್ಣೆ ತುಂಬುತ್ತದೆ, ಜೆಲ್ ಹಿಡಿಯುತ್ತದೆ. ಈ ಕೆಲಸಕ್ಕೆ ಹತ್ತಿ ಬಟ್ಟೆಯ ಕೈಗವಸು ಬೇಡವೇ ಬೇಡ. ಹತ್ತಿಗೆ ತಾಗಿದರೆ ಈ ಅಂಟು ಕೈ ಸುಡುವಷ್ಟು ಬಿಸಿಯಾಗುತ್ತದೆ.

ಎಲ್ಲಿ ಇಡಬೇಕು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಕು ಅಳೆಯುವ ಪಾರ್ ಮೀಟರಿನಲ್ಲಿ ಮೃದು ಹವಳಗಳಿಗೆ 50ರಿಂದ 150 ಸಾಕು, ಕೊಂಬಿನ ಹವಳಗಳಿಗೆ 200ರಿಂದ 400 ಬೇಕು. ಆದರೆ ಮೊದಲ ದಿನವೇ ಅಷ್ಟು ಬೆಳಕಿಗೆ ಒಡ್ಡಬಾರದು. ಹವಳದ ಮೈಯೊಳಗೆ ಬಾಳುವ ಪಾಚಿಗಳು ಬೆಳಕು ಮಿತಿ ಮೀರಿದರೆ ಹಾನಿಕರ ರೂಪದ ಆಮ್ಲಜನಕ ಉಕ್ಕಿಸುತ್ತವೆ. ಹವಳ ಅವನ್ನು ಹೊರಗೆ ದಬ್ಬಿ ಬಿಳಚಿಕೊಳ್ಳುತ್ತದೆ. ಅದಕ್ಕೇ ಎರಡು ಮೂರು ವಾರ ಟ್ಯಾಂಕಿನ ಕೆಳಭಾಗದಲ್ಲಿ ಬಿಟ್ಟು, ಮೆಲ್ಲಗೆ ಮೇಲಕ್ಕೆ ಏರಿಸಿ, ಜಾಗ ಖಚಿತವಾದ ಮೇಲೆ ಅಂಟಿಸುವುದು ಒಳ್ಳೆಯದು. ಅಂಟಿಸಿದ ಮೇಲೆ ಜಾಗ ಬದಲಿಸುವುದು ಎರಡನೇ ಸಲ ಗಾಯ ಮಾಡಿದ ಹಾಗೆ. ನೆರೆಹೊರೆಯನ್ನೂ ನೋಡಬೇಕು. ಗಲಾಕ್ಸಿಯಾ ಹವಳ ರಾತ್ರಿ ಗೇಣುದ್ದ ಗ್ರಹಣಾಂಗ ಚಾಚಿ ಪಕ್ಕದವರನ್ನು ಕುಟುಕುತ್ತದೆ. 1970ರ ದಶಕದ ಆರಂಭದಲ್ಲಿ ಜೂಡಿತ್ ಲ್ಯಾಂಗ್ ಜಮೈಕಾದಲ್ಲಿ ಮಾಡಿದ ಕೆಲಸದಿಂದ ಇನ್ನೂ ವಿಚಿತ್ರವಾದದ್ದು ಗೊತ್ತಾಯಿತು: ಕೆಲವು ಹವಳಗಳು ಹೊಟ್ಟೆಯೊಳಗಿನ ಜೀರ್ಣ ತಂತುಗಳನ್ನೇ ಹೊರಗೆ ಬಿಟ್ಟು ಪಕ್ಕದ ಹವಳವನ್ನು ಅದು ಕೂತಲ್ಲೇ ಕರಗಿಸುತ್ತವೆ.

ಎಲ್ಲ ಹವಳಕ್ಕೂ ಅಂಟು ಒಗ್ಗುವುದಿಲ್ಲ. ಡಿಸ್ಕೊಸೋಮ ಅನ್ನುವ ಮೆತ್ತನೆಯ ಅಣಬೆ ಹವಳಕ್ಕೆ ಅಂಟು ಹಚ್ಚಿದರೆ ಅದು ಲೋಳೆ ಸುರಿಸಿ ಕಳಚಿಕೊಂಡು ತೇಲಿಹೋಗುತ್ತದೆ. ಅದನ್ನು ಕಲ್ಲುಚೂರು ಹಾಕಿದ ಬಟ್ಟಲಿನಲ್ಲಿಟ್ಟು ಮೇಲೆ ಬಲೆಬಟ್ಟೆ ಕಟ್ಟಿ, ತಾನೇ ಒಂದು ಚೂರನ್ನು ಹಿಡಿಯುವ ತನಕ ಕಾಯಬೇಕು. ಆಮೇಲೆ ಆ ಚೂರಿಗೆ ಅಂಟು. ತಟ್ಟೆಯಂಥ ಫಂಜಿಯಾ ಹವಳವನ್ನಂತೂ ಅಂಟಿಸಲೇಬಾರದು. ಮರಿಯಾಗಿದ್ದಾಗ ಅದು ತೊಟ್ಟಿನ ಮೇಲೆ ನಿಂತಿರುತ್ತದೆ. ಬೆಳೆದ ಮೇಲೆ ತೊಟ್ಟು ಕಳಚಿಕೊಂಡು ಮರಳಿನ ಮೇಲೆ ಸ್ವತಂತ್ರವಾಗಿ ಬದುಕುತ್ತದೆ. ಮೇಲೆ ಮರಳು ಬಿದ್ದರೆ ಮೈ ಉಬ್ಬಿಸಿ ಕೊಡವಿಕೊಳ್ಳುತ್ತದೆ, ಮೆಲ್ಲಗೆ ಜಾಗವನ್ನೂ ಬದಲಿಸುತ್ತದೆ.

ಇನ್ನು ಮೆಣಸಿನ ಬಳ್ಳಿಯ ಬೇರಿನ ಮಾತು. ಹವಳದ ಮಾಂಸದ ತಳದಲ್ಲಿ ತೆಳ್ಳನೆಯ ಒಂದು ಪದರ ಇದೆ. ಅದರ ಜೀವಕೋಶಗಳು ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಹೀರಿ ಅರಗೊನೈಟ್ ಅನ್ನುವ ಸುಣ್ಣದ ಹರಳು ಕಟ್ಟುತ್ತವೆ. ತುಂಡು ಅಲುಗದೆ ನಿಂತರೆ ಮಾಂಸದ ಅಂಚು ಮೆಲ್ಲಗೆ ಕೆಳಗಿಳಿದು ಅಂಟಿನ ಮೇಲೆ ಹರಡುತ್ತದೆ, ಹರಡಿದಲ್ಲೆಲ್ಲ ಅಡಿಯಲ್ಲಿ ಹರಳು ಹಾಸುತ್ತದೆ. ತುಂಡು ದಿನವೂ ಅಲುಗುತ್ತಿದ್ದರೆ ಆ ಅಂಚು ಹರಿಯುತ್ತದೆ, ಪ್ರತಿ ಸಲವೂ ಮೊದಲಿನಿಂದ ಶುರು. ಫ್ಲಾರಿಡಾದ ಮೋಟ್ ಸಾಗರ ಪ್ರಯೋಗಾಲಯದ ಡೇವಿಡ್ ವಾನ್ ಒಮ್ಮೆ ತೊಟ್ಟಿಯ ತಳಕ್ಕೆ ಕಚ್ಚಿದ್ದ ಹವಳವನ್ನು ಎತ್ತಲು ಹೋಗಿ ಮುರಿದರು. ತಳದಲ್ಲಿ ಉಳಿದ ಕೆಲವೇ ಪಾಲಿಪ್‌ಗಳು, ಅಂದರೆ ಹವಳದ ಬಿಡಿ ಬಿಡಿ ಪುಟ್ಟ ಜೀವಿಗಳು, ಸಾಯಬೇಕಿತ್ತು. ಬದಲಿಗೆ ಯಾರೂ ಊಹಿಸದ ವೇಗದಲ್ಲಿ ಹರಡಿದವು. ಹವಳವನ್ನು ತೀರಾ ಸಣ್ಣ ಚೂರುಗಳಾಗಿ ಕತ್ತರಿಸಿ ನೆಟ್ಟು ದಿಬ್ಬಗಳನ್ನು ಮತ್ತೆ ಕಟ್ಟುವ ವಿಧಾನ ಹುಟ್ಟಿದ್ದು ಅಲ್ಲಿಂದ. ನಮ್ಮ ಮನ್ನಾರ್ ಕೊಲ್ಲಿಯಲ್ಲೂ ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು ಸಿಮೆಂಟ್ ಚೌಕಟ್ಟುಗಳಿಗೆ ಹವಳದ ತುಂಡು ಕಟ್ಟಿ ಸಮುದ್ರದ ತಳದಲ್ಲಿ ಇಡುತ್ತಾ ಬಂದಿದ್ದಾರೆ. ಆಮೇಲಿನ ಕೆಲಸ ಹವಳದ್ದೇ.

ಹೋದ ವರ್ಷ ನೆಟ್ಟ ಒಂದು ಕೊಂಬಿನ ಹವಳವನ್ನು ಮೊನ್ನೆ ಗೆಳೆಯರಿಗೆ ಕೊಡಬೇಕಿತ್ತು. ಕೈಯಿಂದ ಅಲುಗಿಸಿದೆ, ಜಗ್ಗಲಿಲ್ಲ. ಉಳಿ ಹಾಕಿ ಒಂದೇ ಏಟು ಕೊಟ್ಟೆ. ಹವಳ ಬಂತು, ಜೊತೆಗೆ ಅಂಗೈ ಅಗಲದ ಬಂಡೆಯೂ ಬಂತು. ಮುರಿದ ಕಡೆ ತಿರುಗಿಸಿ ನೋಡಿದೆ. ಬಿಳಿ ಅಸ್ಥಿಯ ನಡುವೆ ಹಳದಿಗಟ್ಟಿದ ಒಂದು ಚುಕ್ಕೆ ಇತ್ತು, ಕಡಲೆಕಾಳಿನಷ್ಟು. ಉಗುರಿನಿಂದ ಮೀಟಿದೆ. ಉದುರಿತು.